ಕನ್ನಡಕದ ಅಂಗಡಿಗೆ ಹೋಗುವ ಮುಂಚೆ

ಹೊಸ ಮಾನಿಟರಿನಲ್ಲಿ ಕನ್ನಡ ಓದಲು ಕೂತರೆ ಅಕ್ಷರವೆಲ್ಲ ಮಂಜು ಮಂಜು, ಕಣ್ಣುರಿ ಬೇರೆ ಎಂದೆಯಲ್ಲ. ಕಣ್ಣಿನ ಡಾಕ್ಟರನ್ನು ಕಾಣುವುದು ತಪ್ಪಲ್ಲ, ಕಾಣು. ಆದರೆ ಸಿಕ್ಕಸಿಕ್ಕಲ್ಲಿಂದ ಫಾಂಟು ಇಳಿಸಿ ತುಂಬಿಕೊಳ್ಳುತ್ತಿದ್ದೇನೆ ಅಂತಲೂ ಹೇಳಿದೆ ನೋಡು, ಅದನ್ನು ಇವತ್ತೇ ನಿಲ್ಲಿಸು. ಪುಟ ಕಟ್ಟುವ ಕೆಲಸದಲ್ಲೇ ಕೂದಲು ನರೆತವನು ನಾನು. ದೋಷ ಎಲ್ಲಿದೆ ಎಂದು ಗೊತ್ತಾಗುವ ಮುಂಚೆ ಹಾಕಿದ ಫಾಂಟಿನಿಂದ ಯಾರಿಗೂ ಉಪಕಾರವಾದದ್ದನ್ನು ಕಂಡಿಲ್ಲ.

ಮೊದಲು ಒಂದು ಇತ್ಯರ್ಥ ಮಾಡಿಕೋ. ಅಕ್ಷರ ಮಸುಕಾಗಿದೆಯೋ, ಮುರಿದಿದೆಯೋ? ಅಂಚು ಕರಗಿದ ಹಾಗೆ ಕಂಡರೆ ಮಸುಕು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತರೆ, ಅಕ್ಷರದ ಜಾಗದಲ್ಲಿ ಬರೀ ಚೌಕ ಕಂಡರೆ ಮುರುಕು. ಎರಡಕ್ಕೂ ಮದ್ದು ಬೇರೆ ಬೇರೆ. ನಿನ್ನದು ಮಸುಕು.

ಅದು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ಅಲ್ಲಿ ನೋಡು. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿ ಕಳಿಸು. ಫೋಟೊ ಮಾಡಿದರೆ ಅದು ಚಿತ್ರವನ್ನು ಹಿಂಡಿ ಹಾಕುತ್ತದೆ. ಫೋನಿನಲ್ಲಿ ಅಕ್ಷರ ಸ್ವಚ್ಛವಾಗಿದ್ದರೆ ತಪ್ಪು ಮಾನಿಟರಿನದು, ಇಲ್ಲವೇ ಕೇಬಲಿನದು, ಇಲ್ಲವೇ ರೆಸಲ್ಯೂಶನ್ನಿನದು. ಅಲ್ಲೂ ಮಸುಕಾಗಿದ್ದರೆ ಸಾಫ್ಟ್‌ವೇರನ್ನು ವಿಚಾರಿಸಬೇಕು.

ಹತ್ತರಲ್ಲಿ ಎಂಟು ಮನೆಗಳಲ್ಲಿ ಅಪರಾಧಿ ರೆಸಲ್ಯೂಶನ್ನೇ ಎಂದು ನನ್ನ ಗುಮಾನಿ. ಅಮ್ಮನಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಎಂದು 1920×1080 ಇದ್ದದ್ದನ್ನು 1366×768ಕ್ಕೆ ಇಳಿಸಿಬಿಡುತ್ತಾರೆ. ಹಳೆಯ ಡಬ್ಬಾ ಮಾನಿಟರುಗಳಲ್ಲಿ ಇದು ನಡೆಯುತ್ತಿತ್ತು, ಅವುಗಳ ಗಾಜಿಗೆ ಗೊತ್ತುಮಾಡಿದ ಪಿಕ್ಸೆಲ್ ಎಂಬುದೇ ಇರಲಿಲ್ಲ. ಈಗಿನ ಎಲ್‌ಸಿಡಿಯಲ್ಲಿ ಪಿಕ್ಸೆಲ್‌ಗಳು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದವು. ಕಡಿಮೆ ಸಂಖ್ಯೆ ಕೊಟ್ಟರೆ ಅದು ಒಂದು ಪಿಕ್ಸೆಲನ್ನು ಎರಡರ ನಡುವೆ ಹಂಚಿ ಕಲಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ರೆಕಮೆಂಡೆಡ್’ ಎಂದು ಬರೆದಿರುವ ರೆಸಲ್ಯೂಶನ್ನನ್ನೇ ಇಟ್ಟುಕೋ. ದೊಡ್ಡದಾಗಬೇಕಾದರೆ ಅದರ ಹತ್ತಿರವೇ ಇರುವ ಸ್ಕೇಲನ್ನು ಶೇ. 125ಕ್ಕೋ 150ಕ್ಕೋ ಏರಿಸಿ, ಒಮ್ಮೆ ಸೈನ್ ಔಟ್ ಆಗಿ ಬಾ. ಆಮೇಲೆ ಯಾವುದೋ ಒಂದು ಹಳೆಯ ತಂತ್ರಾಂಶ ಮಾತ್ರ ಮಸುಕಾಗಿ ಉಳಿದರೆ ಅದರ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ ಸಿಗುತ್ತದೆ. ನೀಲಿ ತುದಿಯ ವಿಜಿಎ ಕೇಬಲ್ ಸಿಕ್ಕಿಸಿದ್ದರೆ ಕಿತ್ತು ಎಚ್‌ಡಿಎಂಐ ಹಾಕು. ಟೀವಿಯನ್ನೇ ಮಾನಿಟರ್ ಮಾಡಿಕೊಂಡವರಾದರೆ ಅದರ ಮೆನುವಿನಲ್ಲಿ ಪಿಸಿ ಮೋಡ್ ಹುಡುಕಬೇಕು.

ಇನ್ನು ಕ್ಲಿಯರ್‌ಟೈಪ್. ಪ್ರತಿ ಪಿಕ್ಸೆಲ್ಲಿನಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಪಟ್ಟಿಗಳಿರುತ್ತವಲ್ಲ, ಅವನ್ನು ಒಂದೊಂದಾಗಿ ಬೆಳಗಿಸಿ ಅಂಚನ್ನು ನಯ ಮಾಡುವ ಉಪಾಯ ಇದು. ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂತಾದರೂ ನಾವೇ ಹೋಗಿ ಆನ್ ಮಾಡಬೇಕಿತ್ತು. ಅಕ್ಷರದ ಬದಿಗಳಲ್ಲಿ ಕೆಂಪು-ನೀಲಿ ಗೆರೆ ಕಂಡರೆ ನಿನ್ನ ಪರದೆಯ ಪಟ್ಟಿಗಳ ಕ್ರಮ ಬೇರೆಯಿದೆ, ಇಲ್ಲವೇ ಮಾನಿಟರನ್ನು ಉದ್ದುದ್ದ ತಿರುಗಿಸಿ ನಿಲ್ಲಿಸಿದ್ದೀಯ ಎಂದರ್ಥ. ಸ್ಟಾರ್ಟ್‌ನಲ್ಲಿ ಹುಡುಕಿದರೆ ಟ್ಯೂನರ್ ಸಿಗುತ್ತದೆ. ಇಂಗ್ಲಿಷ್ ವಿಂಡೋಸಿನಲ್ಲಿ ಅದು ತೋರಿಸುವ ಮಾದರಿಗಳೂ ಇಂಗ್ಲಿಷೇ. ಅದಕ್ಕೆ ಮರುಳಾಗಬೇಡ, ಮುಗಿದ ಮೇಲೆ ಒಂದು ಕನ್ನಡ ಪುಟ ತೆರೆದು ನೋಡಿ, ಹಿಡಿಸದಿದ್ದರೆ ಮತ್ತೆ ಮಾಡು.

ಯಾಕೆಂದರೆ ನಮ್ಮ ಅಕ್ಷರದ ಕಷ್ಟ ಬೇರೆಯೇ. ಚುಕ್ಕಿ ಸಾಲದೆ ರಂಗೋಲಿಯ ಸುಳಿ ಹಾಕಲು ಹೋದಂತೆ, ‘ಷ್ಟ್ರ’ ಅಥವಾ ‘ಸ್ತ್ರೀ’ಯನ್ನು ಹನ್ನೆರಡು ಪಿಕ್ಸೆಲ್ ಎತ್ತರದಲ್ಲಿ ಬರೆಯಬೇಕು ಎಂದರೆ ಒಳಗಿನ ಸೊನ್ನೆಗಳಿಗೆ ಜಾಗವೇ ಉಳಿಯುವುದಿಲ್ಲ. ಇಂಗ್ಲಿಷಿನ ನೆಟ್ಟನೆಯ ಕಂಬಗಳಿಗೆ ಆ ಗಾತ್ರ ಧಾರಾಳವಾಯಿತು. ಹಾಗಾಗಿ ಕನ್ನಡವನ್ನು ಯಾವಾಗಲೂ ಒಂದು ಮಟ್ಟ ದೊಡ್ಡದಾಗಿಟ್ಟು ಓದು. ಫೈರ್‌ಫಾಕ್ಸಿನ ಫಾಂಟ್ ಸೆಟ್ಟಿಂಗ್‌ನಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ಕನ್ನಡಕ್ಕೆಂದೇ ಬೇರೆ ಫಾಂಟು, ಬೇರೆ ಗಾತ್ರ, ಇದಕ್ಕಿಂತ ಚಿಕ್ಕದಾಗಕೂಡದು ಎಂಬ ಮಿತಿ ಎಲ್ಲ ಕೊಡಬಹುದು. ತಾವು ಕನ್ನಡದವು ಎಂದು ಒಳಗೆ ಹೇಳಿಕೊಂಡಿರುವ ಪುಟಗಳು ಅದನ್ನು ಕೇಳುತ್ತವೆ. ಹೇಳಿಕೊಳ್ಳದವೂ ಬೇಕಾದಷ್ಟಿವೆ, ಏನು ಮಾಡುವುದು.

ಹಿಂಟಿಂಗ್ ಅಂತ ಒಂದಿದೆ. ಅಕ್ಷರದ ಗೆರೆಗಳನ್ನು ಪಿಕ್ಸೆಲ್ ಸಾಲಿಗೆ ತಳ್ಳಿ ಕೂರಿಸುವ ಕೆಲಸ ಅದು. ಜೋರಾಗಿ ತಳ್ಳಿದರೆ ಕನ್ನಡದ ದುಂಡು ಸೊಟ್ಟಗಾಗುತ್ತದೆ. ಲಿನಕ್ಸಿನವರು ಟ್ವೀಕ್ಸ್ ಎಂಬ ತಂತ್ರಾಂಶ ತೆರೆದು ಅದನ್ನು ‘ಸ್ಲೈಟ್’ ಮಾಡಿಕೊಂಡರೆ ಸಾಕು, ಆಗ ಮೇಲೆ-ಕೆಳಗೆ ಮಾತ್ರ ಸರಿಪಡಿಸುತ್ತದೆ, ಅಡ್ಡಡ್ಡ ಹಿಗ್ಗಿಸುವುದಿಲ್ಲ. ಇನ್ಫಿನಾಲಿಟಿ ಪ್ಯಾಚ್ ಹಾಕಿ ಎನ್ನುವ ಹಳೆಯ ಬರಹಗಳನ್ನು ನಂಬಿ ಹೊರಡಬೇಡ. ಆಪಲ್ ಕೈಯಲ್ಲಿದ್ದ ಹಿಂಟಿಂಗ್ ಪೇಟೆಂಟುಗಳು 2010ರಲ್ಲೇ ಮುಗಿದು, ಲಿನಕ್ಸಿನಲ್ಲಿ ಅಕ್ಷರ ಮೂಡಿಸುವ ಫ್ರೀಟೈಪ್ ಅಂದಿನಿಂದ ಬಹಳ ಸುಧಾರಿಸಿದೆ.

ಫಾಂಟು ಒಂದೆರಡು ಇದ್ದರೆ ಸಾಕು. ಓದಲು ನೋಟೋ ಸೆರಿಫ್ ಕನ್ನಡ ನನಗೆ ಇಷ್ಟ. ಪರದೆಯ ಮೆನುಗಳಿಗೆ ವಿಂಡೋಸ್ 8ರಿಂದ ಬರುತ್ತಿರುವ ನಿರ್ಮಲಾ ಆದೀತು. ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಇವೆ. ಹಳೆಯ ಫೈಲು ತುಂಗಾ ಕೇಳಿದರೆ ವಿಂಡೋಸ್ 10ರ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿಕೋ. ಹತ್ತಾರು ತುಂಬಿದರೆ, ಫಾಂಟು ಹೆಸರಿಸದ ಕಡೆ ಕಂಪ್ಯೂಟರು ತನಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಬಹುದು. ಅರೆಬರೆ ಒತ್ತಕ್ಷರ ಇರುವುದೇ ಸಿಕ್ಕಿದರೆ ಮಸುಕಿನ ಜೊತೆ ಮುರುಕೂ ಬಂತು.

ಮುರುಕಿನ ಬಗ್ಗೆ ನಾಲ್ಕು ಮಾತು. ಚೌಕ ಕಂಡರೆ ಫಾಂಟು ಇಲ್ಲ. ಚುಕ್ಕಿಗಳ ವೃತ್ತ ಕಂಡರೆ ಬೆರಳಚ್ಚಿನ ಕ್ರಮ ತಪ್ಪಿದೆ, ಒಂಟಿ ಗುಣಿತದ ಚಿಹ್ನೆ ಬಿದ್ದಿದೆ. ಫೋಟೊಶಾಪಿನಲ್ಲಿ ಒತ್ತು ಬಿಡಿಬಿಡಿಯಾದರೆ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ವರ್ಡ್‌ನಲ್ಲಿ ಒತ್ತಿನ ಕೆಳಭಾಗ ಕತ್ತರಿಸಿಹೋದರೆ ಸಾಲಿನ ಅಂತರ ‘ಎಕ್ಸಾಕ್ಟ್‌ಲಿ’ ಎಂದಿರುತ್ತದೆ, ಬದಲಿಸು. ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾದರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿದ, ಯೂನಿಕೋಡ್ ಅಲ್ಲದ ಫೈಲು. ಕ್ಲಿಯರ್‌ಟೈಪಿನಿಂದ ಅದಕ್ಕೆ ಏನೂ ಆಗದು, ಪರಿವರ್ತಕದಲ್ಲಿ ಹಾಯಿಸಿ ಅರ್ಕಾವತ್ತುಗಳನ್ನೂ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕಣ್ಣಾರೆ ತಿದ್ದಬೇಕು.

ಇಷ್ಟೆಲ್ಲ ಮಾಡಿಯೂ ಅಕ್ಷರ ಒರಟಾಗಿಯೇ ಇದ್ದರೆ ಮಾನಿಟರಿನ ಡಬ್ಬ ತೆಗೆದು ಓದು. 27 ಇಂಚು, 1920×1080 ಎಂದಿದ್ದರೆ ಇಂಚಿಗೆ ಸುಮಾರು 82 ಪಿಕ್ಸೆಲ್ ಅಷ್ಟೇ. ಅಷ್ಟೇ ಪಿಕ್ಸೆಲ್ 24 ಇಂಚಿನಲ್ಲಿದ್ದರೆ 92 ಸಿಗುತ್ತಿತ್ತು. ದೊಡ್ಡದು ಕೊಂಡೆ ಎಂದು ಹಿಗ್ಗಿದೆಯಲ್ಲ, ಹಿಗ್ಗಿದ್ದು ಗಾಜು ಮಾತ್ರ. ಬಿಲ್ಲು ಇದ್ದರೆ, ಬದಲಾಯಿಸಿಕೊಡುವ ಗಡುವು ದಾಟಿರದಿದ್ದರೆ, ಅದೇ ಅಂಗಡಿಗೆ ಹೋಗಿ 2560×1440ರದ್ದಕ್ಕೆ ಎಷ್ಟು ಹೆಚ್ಚು ಕೊಡಬೇಕೆಂದು ಕೇಳು. ತರುವ ಮೊದಲು ಅಲ್ಲೇ ಅದರಲ್ಲಿ ಒಂದು ಕನ್ನಡ ಪತ್ರಿಕೆ ತೆರೆಸಿ ನೋಡು.