ಬೆಳೆದ ಟಿಪ್ಪಣಿ ಪುಸ್ತಕವು ನಿಧಾನವಾಗುವುದೇಕೆ?

ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆಯನ್ನು ದಿನವೂ ಅಳೆದು ಬರೆದಿಡುವ ರೂಢಿಯುಂಟು. ಹೂಮಳೆ ಯಾವಾಗ ಬಿದ್ದಿತು, ಎಷ್ಟು ಬಿದ್ದಿತು ಎಂಬುದರ ಮೇಲೆ ಮುಂದಿನ ಫಸಲು ಬಹುಮಟ್ಟಿಗೆ ನಿಂತಿರುವುದರಿಂದ ಇದು ಕೇವಲ ಹವ್ಯಾಸವಲ್ಲ. ಮಲ್ಲಂದೂರಿನ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಮಳೆಯ ಲೆಕ್ಕವನ್ನು ಗಣಕಯಂತ್ರದ ವಿಕಿಯೊಂದಕ್ಕೆ ಏರಿಸಿದನೆಂದು ಭಾವಿಸೋಣ. ದಿನಕ್ಕೊಂದು ಟಿಪ್ಪಣಿಯಂತೆ 10 ವರ್ಷಗಳಿಗೆ ಸುಮಾರು 3,650 ಟಿಪ್ಪಣಿಗಳಾದವು. ಮೊದಲು ಚುರುಕಾಗಿದ್ದ ಪುಸ್ತಕವು ಈಗ ಒಂದು ಅಕ್ಷರವನ್ನು ಒತ್ತಿದರೂ ತಡವರಿಸುತ್ತದೆ. ಬರೆಯಲು ಬೇಸರ ಹುಟ್ಟಿದರೆ ದಾಖಲೆಯೇ ನಿಂತುಹೋದೀತು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ವಿಚಾರಿಸೋಣ.

ಒಂದೇ ಕಡತದ ವಿಕಿ

ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು 1995ರಲ್ಲಿ ಮೊದಲ ವಿಕಿಯನ್ನು ಅಂತರಜಾಲದಲ್ಲಿ ತೆರೆದರು. 2004ರಲ್ಲಿ ಜೆರೆಮಿ ರಸ್ಟನ್ ಅವರು ‘ಟಿಡ್ಲಿವಿಕಿ’ಯನ್ನು ಹೊರತಂದರು. ಇದರಲ್ಲಿ ಟಿಪ್ಪಣಿಗಳೂ ಅವುಗಳನ್ನು ತೋರಿಸುವ ಕ್ರಮವಿಧಿಯೂ ಒಂದೇ ಕಡತದಲ್ಲಿ ಅಡಗಿರುತ್ತವೆ. ಬ್ರೌಸರ್ ಒಂದಿದ್ದರೆ ಸಾಕು, ಜಾಲಸಂಪರ್ಕವಿಲ್ಲದೆಯೂ ಓದಬಹುದು, ಬರೆಯಬಹುದು. ಮಳೆಗಾಲದ ಮಲೆನಾಡಿಗೆ ಇದು ಹೇಳಿ ಮಾಡಿಸಿದಂತಹ ಗುಣ.

ತೆರೆಯ ಮೇಲೆ ಮೂಡುವ ಬಗೆ

ಬ್ರೌಸರ್ ಪುಟವನ್ನು ಮೊದಲು ವೃಕ್ಷದಂತೆ ಕವಲೊಡೆದ ಭಾಗಗಳಾಗಿ ಜೋಡಿಸುತ್ತದೆ. ಬಳಿಕ ಪ್ರತಿಯೊಂದು ಭಾಗದ ರೂಪವನ್ನು ನಿರ್ಧರಿಸಿ, ಸ್ಥಳವನ್ನು ಅಳೆದು, ಕೊನೆಗೆ ಬಣ್ಣ ತುಂಬುತ್ತದೆ. ಸಾಮಾನ್ಯ ತೆರೆಯು ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. ಎಂದರೆ ಒಂದು ಬಾರಿಗೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಕೆಲಸ ಇದನ್ನು ಮೀರಿದರೆ ತೆರೆಯು ತೊಡರುತ್ತದೆ.

ಟಿಪ್ಪಣಿಯೊಂದು ಬದಲಾದಾಗ ಟಿಡ್ಲಿವಿಕಿಯು ಆ ವಾರ್ತೆಯನ್ನು ತೆರೆಯ ಮೇಲಿರುವ ಘಟಕಗಳಿಗೆಲ್ಲ ಮುಟ್ಟಿಸುತ್ತದೆ. ಬದಲಾವಣೆ ತಗಲದ ಭಾಗವನ್ನು ಅದು ಮತ್ತೆ ಬರೆಯುವುದಿಲ್ಲ. ತೋಟದ ರೈಟರು ಒಬ್ಬ ಆಳಿನ ಹಾಜರಿಯನ್ನು ತಿದ್ದಲು ಇಡೀ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲವಷ್ಟೆ. ಆದರೆ ತಾನು ಬದಲಾಗಬೇಕೇ ಎಂದು ತಿಳಿಯಲು ಪಟ್ಟಿಯ ಘಟಕವು ತನ್ನ ಶೋಧನೆಯನ್ನು ಮತ್ತೆ ನಡೆಸಬೇಕಾಗುತ್ತದೆ. ಭಾರವಿರುವುದು ಇಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ತೆರೆದಿರುವ 20 ಟಿಪ್ಪಣಿಗಳಲ್ಲಿ ಪ್ರತಿಯೊಂದರ ಕೆಳಗೂ ‘ಇದೇ ತಿಂಗಳ ಇತರ ದಿನಗಳು’ ಎಂಬ ಪಟ್ಟಿಯಿದೆ. ಪ್ರತಿ ಪಟ್ಟಿಯೂ 3,650 ಟಿಪ್ಪಣಿಗಳನ್ನು ಪರೀಕ್ಷಿಸಿದರೆ ಒಟ್ಟು 73,000 ಪರೀಕ್ಷೆಗಳು. ಪ್ರತಿಯೊಂದು ಒತ್ತಿಗೂ ಇದು ನಡೆಯುವುದಾದರೆ, 8 ಒತ್ತುಗಳ ಪದವೊಂದಕ್ಕೆ 5,84,000!

ನಾಲ್ಕು ಪರಿಹಾರಗಳು

ಮೊದಲನೆಯದು ಸೂಚಿ. ಪುಸ್ತಕದ ಕೊನೆಯ ಪದಸೂಚಿಯಿಂದ ನಾವು ಬೇಕಾದ ಪುಟಕ್ಕೆ ನೇರವಾಗಿ ಹೋಗುವಂತೆ, ಟಿಡ್ಲಿವಿಕಿಯು ಟ್ಯಾಗುಗಳ ಸೂಚಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಪ್ರತಿ ದಿನದ ಟಿಪ್ಪಣಿಗೂ ತಿಂಗಳು ಮತ್ತು ವರ್ಷದ ಟ್ಯಾಗನ್ನು ಹಚ್ಚಿ, ಶೋಧನೆಯ ಮೊದಲ ಹೆಜ್ಜೆಯಲ್ಲಿಯೇ ಅದನ್ನು ಹೆಸರಿಸಿದರೆ, ಪಟ್ಟಿಯೊಂದಕ್ಕೆ ಸುಮಾರು 30 ಟಿಪ್ಪಣಿಗಳನ್ನು ನೋಡಿದರೆ ಸಾಕು. 73,000ದ ಸ್ಥಾನದಲ್ಲಿ ಈಗ 600. ಯಂತ್ರ ಅದೇ, ಟಿಪ್ಪಣಿಗಳೂ ಅವೇ. ಕೇಳುವ ಕ್ರಮ ಮಾತ್ರ ಬದಲಾಗಿದೆ.

ಎರಡನೆಯದು ತಾಳ್ಮೆ. ಪ್ರತಿ ಒತ್ತಿಗೂ ಓಡದೆ, ಬೆರಳು ಕ್ಷಣಕಾಲ ನಿಂತ ಬಳಿಕ ಒಮ್ಮೆ ಮಾತ್ರ ಕೆಲಸ ಮಾಡುವುದು. ಕರಡು ಟಿಪ್ಪಣಿಗಳ ವಿಷಯದಲ್ಲಿ ಟಿಡ್ಲಿವಿಕಿಯೇ ಹೀಗೆ ಕಾಯುತ್ತದೆ.

ಮೂರನೆಯದು ಮಿತಿ. ಕಣ್ಣಿಗೆ ಕಾಣದುದನ್ನು ಕಟ್ಟಬೇಕಾಗಿಲ್ಲ. ಓದಿ ಮುಗಿದ ಟಿಪ್ಪಣಿಗಳನ್ನು ಮುಚ್ಚಬೇಕು. ಉದ್ದವಾದ ಪಟ್ಟಿಗಳಲ್ಲಿ ಮೊದಲ 50 ಸಾಲುಗಳನ್ನಷ್ಟೇ ತೋರಿಸಬೇಕು.

ನಾಲ್ಕನೆಯದು ಚಿತ್ರಗಳನ್ನು ಹೊರಗಿಡುವುದು. ಚಿತ್ರವನ್ನು ಅಕ್ಷರರೂಪಕ್ಕೆ ತಿರುಗಿಸಿ ಕಡತದೊಳಗೆ ಸೇರಿಸುವಾಗ ಪ್ರತಿ 3 ಬೈಟುಗಳು 4 ಅಕ್ಷರಗಳಾಗುತ್ತವೆ. 3 ಮೆಗಾಬೈಟಿನ ಹೂವಿನ ಚಿತ್ರವು 4 ಮೆಗಾಬೈಟಾಗುತ್ತದೆ. ಕಡತವನ್ನು ತೆರೆಯುವಾಗಲೂ ಉಳಿಸುವಾಗಲೂ ಈ ಹೊರೆಯನ್ನು ಹೊರಬೇಕು. ಚಿತ್ರಗಳನ್ನು ಬೇರೆ ಕೋಶದಲ್ಲಿಟ್ಟು, ಟಿಪ್ಪಣಿಯಲ್ಲಿ ಅವುಗಳ ವಿಳಾಸವನ್ನು ಮಾತ್ರ ಬರೆಯುವುದು ಲೇಸು.

ಅಳೆದು ನೋಡಿ

ಇವುಗಳಲ್ಲಿ ಯಾವುದು ಎಲ್ಲಿ ಬೇಕೆಂಬುದನ್ನು ಊಹೆಯಿಂದ ನಿರ್ಣಯಿಸಬಾರದು. ಬ್ರೌಸರುಗಳಲ್ಲಿ ಕಾಲವನ್ನಳೆಯುವ ಸಾಧನಗಳಿವೆ. ಟಿಡ್ಲಿವಿಕಿಯಲ್ಲಿಯೂ ಅಂತಹ ಏರ್ಪಾಡುಂಟು. ವಿದ್ಯಾರ್ಥಿಗಳು ತಮ್ಮ ವಿಕಿಯ ಪ್ರತಿಯೊಂದನ್ನು ಮಾಡಿಕೊಂಡು, ಮೊದಲು ಕಾಲವನ್ನಳೆದು, ಒಂದೇ ಒಂದು ಬದಲಾವಣೆಯನ್ನು ಮಾಡಿ, ಮತ್ತೆ ಅಳೆಯಲಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಗುಣ ಯಾವುದರಿಂದ ಬಂದಿತೆಂದು ತಿಳಿಯದು. ಮಳೆಯನ್ನು ಅಂದಾಜಿನಿಂದ ಬರೆಯದೆ ಮಾಪಕದಿಂದ ಅಳೆದು ಬರೆಯುವ ಮನೆಯ ಮಕ್ಕಳಿಗೆ ಈ ನಿಯಮವು ಹೊಸದೇನೂ ಅಲ್ಲ.