ದೊಡ್ಡ ಮನೆ ಮಾರಿ ಸಣ್ಣ ಮನೆಗೆ: ಹಿರಿಯರು ಮೊದಲೇ ತಿಳಿದಿರಬೇಕಾದ ಕಾನೂನು

ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ್ದಾರೆ. 40×60 ಸೈಟಿನಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆಯಲ್ಲಿ ಇಬ್ಬರೇ ಉಳಿದಿದ್ದೀರಿ. ಮಹಡಿ ಹತ್ತುವುದು ಕಷ್ಟ, ಸಂಪು ತೊಳೆಸುವುದು ಇನ್ನೂ ಕಷ್ಟ. ಅದನ್ನು ಮಾರಿ, ಲಿಫ್ಟ್ ಇರುವ ಕಡೆ ಅಚ್ಚುಕಟ್ಟಾದ ಸಣ್ಣ ಮನೆ ಕೊಳ್ಳೋಣ ಎಂಬ ಯೋಚನೆ ತಪ್ಪಲ್ಲ. ಆದರೆ ಹಳೆಯ ಮನೆ ಕೈಬಿಟ್ಟು ಹೊಸದು ಇನ್ನೂ ಹೆಸರಿಗೆ ಬಾರದ ನಡುವಿನ ಅವಧಿಯಲ್ಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಆ ಅವಧಿಯನ್ನು ದಾಟುವ ದಾರಿ ಹೀಗಿದೆ.

ಮಾರುವ ಹಕ್ಕು ಯಾರದು?

ಸ್ವಂತ ದುಡಿಮೆಯಿಂದ ಕೊಂಡ ಮನೆಯನ್ನು ಮಾರಲು ಮಕ್ಕಳ ಒಪ್ಪಿಗೆ ಬೇಕಿಲ್ಲ. ನೀವು ಬದುಕಿರುವಾಗ ಅದರಲ್ಲಿ ಅವರಿಗೆ ಪಾಲಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. 2005ರಲ್ಲಿ ತಂದೆ ಬದುಕಿರಲೇಬೇಕಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ಪತಿ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ ಹೆಸರಿನ ಮನೆ ಪತ್ನಿಯೊಬ್ಬರದೇ ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಮಕ್ಕಳು ಮತ್ತು ಬದುಕಿದ್ದರೆ ಪತಿಯ ತಾಯಿಗೂ ಸಮಪಾಲು. ಖಾತೆ ಪತ್ನಿಯ ಹೆಸರಿಗೆ ಬಂದಿದ್ದರೂ ಕ್ರಯಪತ್ರಕ್ಕೆ ಎಲ್ಲ ಪಾಲುದಾರರ ಸಹಿ ಬೇಕು.

ಮೂಲ ಕ್ರಯಪತ್ರ, ಇ-ಖಾತಾ, ಕಂದಾಯ ರಸೀದಿ ಮತ್ತು ಋಣಭಾರ ಪ್ರಮಾಣಪತ್ರವನ್ನು (ಇಸಿ) ಮೊದಲೇ ಜೋಡಿಸಿಕೊಳ್ಳಿ. ಎಂದೋ ತೀರಿಸಿದ ಗೃಹಸಾಲ ಇಸಿಯಲ್ಲಿ ಹಾಗೇ ಉಳಿದಿದ್ದರೆ ಬ್ಯಾಂಕಿನಿಂದ ಬಿಡುಗಡೆ ಪತ್ರ ಪಡೆದು ಅದನ್ನು ತೆಗೆಸಿ.

ಕರಾರಿನಲ್ಲಿ ಏನಿರಬೇಕು?

ಕೊಳ್ಳುವವರೊಂದಿಗಿನ ಕರಾರಿನಲ್ಲಿ ಬಾಕಿ ಹಣದ ದಿನಾಂಕದ ಜೊತೆಗೆ ನೀವು ಮನೆ ಖಾಲಿ ಮಾಡಿಕೊಡುವ ದಿನಾಂಕವೂ ಇರಲಿ. ನೋಂದಣಿಯ ನಂತರ ಒಂದೆರಡು ತಿಂಗಳು ಅಲ್ಲೇ ಇರಬೇಕಾದರೆ ಅದನ್ನೂ ಬರೆಸಿ. ಬಾಯಿಮಾತನ್ನು ನಂಬಿ ಕೂರಬೇಡಿ.

ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಕೊಳ್ಳುವವರು 1% ಟಿಡಿಎಸ್ ಕಡಿತ ಮಾಡುತ್ತಾರೆ. ಆ ಹಣ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳಿ.

ಹಾಸಿಗೆ ಹಿಡಿದವರು ನೋಂದಣಿ ಕಚೇರಿಗೆ ಹೋಗಲೇಬೇಕೆಂದಿಲ್ಲ. 1908ರ ನೋಂದಣಿ ಕಾಯ್ದೆಯ ಸೆಕ್ಷನ್ 31 ಮತ್ತು 38ರ ಅಡಿ ಉಪ ನೋಂದಣಾಧಿಕಾರಿ ಮನೆಗೇ ಬರುವಂತೆ ಅರ್ಜಿ ಕೊಡಬಹುದು. ಮಕ್ಕಳಿಗೆ ಪವರ್ ಆಫ್ ಅಟಾರ್ನಿ ಕೊಡುವ ಮೊದಲು ಈ ಸೌಲಭ್ಯ ಕೇಳಿ ನೋಡಿ. ಕೊಡಲೇಬೇಕಾಗಿ ಬಂದರೆ ಆ ಒಂದು ಆಸ್ತಿಗೆ ಸೀಮಿತವಾಗಿರಲಿ, ಹಣ ನಿಮ್ಮ ಖಾತೆಗೇ ಬರಬೇಕೆಂಬ ಷರತ್ತೂ ಇರಲಿ.

ತೆರಿಗೆಯ ಲೆಕ್ಕ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯ ಮಾರಾಟದ ಲಾಭಕ್ಕೆ 12.5% ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ, ಭಾರತದ ನಿವಾಸಿಗಳು ಬೆಲೆಯೇರಿಕೆಯನ್ನು ಹೊಂದಿಸಿ 20% ಲೆಕ್ಕದಲ್ಲೂ ತೂಗಿ ನೋಡಿ, ಕಡಿಮೆ ಬರುವಷ್ಟನ್ನೇ ಕಟ್ಟಬಹುದು. 2001ರ ಏಪ್ರಿಲ್ 1ಕ್ಕೂ ಮೊದಲಿನ ಮನೆಗಳಿಗೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಕೊಂಡ ಬೆಲೆಯೆಂದು ಹಿಡಿಯಲು ಅವಕಾಶವಿದೆ.

ಬೇರೆ ಮನೆ ಕೊಂಡರೆ ‘ಸೆಕ್ಷನ್ 54’ ಎಂದೇ ಹೆಸರಾದ ವಿನಾಯಿತಿ ಸಿಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದ್ದರೂ ತಿರುಳು ಅದೇ. ಮಾರಾಟಕ್ಕೆ ಮೊದಲಿನ ಒಂದು ವರ್ಷದೊಳಗೆ ಅಥವಾ ನಂತರದ ಎರಡು ವರ್ಷದೊಳಗೆ ಕೊಳ್ಳಬೇಕು. ಕಟ್ಟಿಸುವುದಾದರೆ ಮೂರು ವರ್ಷ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಮನೆ ಸಿಗದಿದ್ದರೆ ಬ್ಯಾಂಕಿನಲ್ಲಿ ಬಂಡವಾಳ ಲಾಭ ಖಾತೆ ತೆರೆದು ಹಣ ಇಡಬೇಕು. ಸಾಮಾನ್ಯ ಠೇವಣಿ ಇದಕ್ಕೆ ಸಾಲದು. ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿಯ ಲಾಭ ಕೈತಪ್ಪುತ್ತದೆ.

ಒಂದು ಉದಾಹರಣೆ ನೋಡಿ. ಲಾಭ 90 ಲಕ್ಷ, ಹೊಸ ಫ್ಲ್ಯಾಟಿಗೆ ಶುಲ್ಕವೆಲ್ಲ ಸೇರಿ 70 ಲಕ್ಷ ಖರ್ಚು ಎಂದಿಟ್ಟುಕೊಳ್ಳೋಣ. ಉಳಿದ 20 ಲಕ್ಷಕ್ಕೆ 12.5% ದರದಲ್ಲಿ 2.5 ಲಕ್ಷ ತೆರಿಗೆ, ಅದರ ಮೇಲೆ ಸೆಸ್. ಆ 20 ಲಕ್ಷವನ್ನು ಮಾರಾಟದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸಂಸ್ಥೆಗಳ ನಿಗದಿತ ಬಾಂಡುಗಳಲ್ಲಿ ತೊಡಗಿಸಿದರೆ ಈ ತೆರಿಗೆಯೂ ಇಲ್ಲ. ಈ ಬಾಂಡುಗಳ ಮಿತಿ 50 ಲಕ್ಷ. ಹಣ ಐದು ವರ್ಷ ಕೈಗೆ ಬಾರದು, ಬಡ್ಡಿಗೆ ತೆರಿಗೆಯೂ ಇದೆ. ಔಷಧಿ, ಆಸ್ಪತ್ರೆಯ ಖರ್ಚಿಗೆ ಬೇರೆ ಹಣ ಎತ್ತಿಟ್ಟುಕೊಂಡೇ ತೊಡಗಿಸಿ.

ಸಣ್ಣ ಮನೆ ಕೊಳ್ಳುವಾಗ

ಬಿಲ್ಡರ್ ಹೇಳುವ ‘ಸೂಪರ್ ಬಿಲ್ಟ್-ಅಪ್’ ಅಳತೆಯಲ್ಲಿ ಲಾಬಿ, ಮೆಟ್ಟಿಲುಗಳ ಪಾಲೂ ಸೇರಿರುತ್ತದೆ. ರೇರಾ ಕಾಯ್ದೆಯಂತೆ ಲೆಕ್ಕಕ್ಕೆ ಬರುವುದು ಕಾರ್ಪೆಟ್ ಏರಿಯಾ. ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಬಳಸಲು ಸಿಗುವ ಜಾಗ ಅದು. ಸಣ್ಣ ಮನೆಯಲ್ಲಿ ಪ್ರತಿ ಅಡಿಯೂ ಮುಖ್ಯವಾದ್ದರಿಂದ ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿಯೇ ಬೆಲೆ ಮಾತಾಡಿ.

ವೀಲ್‌ಚೇರ್ ನುಗ್ಗುವ ಬಾಗಿಲು, ಜಾರದ ಟೈಲ್ಸ್, ಬಚ್ಚಲಿನಲ್ಲಿ ಹಿಡಿಕೆ, ಸ್ಟ್ರೆಚರ್ ಹಿಡಿಸುವ ಲಿಫ್ಟ್ ಎಂದೆಲ್ಲ ಜಾಹೀರಾತಿನಲ್ಲಿದ್ದರೆ ಅವು ಕರಾರಿನಲ್ಲೂ ಇರಲಿ. ಸುಳ್ಳು ಜಾಹೀರಾತು ನಂಬಿ ಹಣ ಕೊಟ್ಟವರು ರೇರಾ ಕಾಯ್ದೆಯ ಸೆಕ್ಷನ್ 12ರಂತೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ 10%ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಾಣುವ ಕಟ್ಟಡದ ದೋಷವನ್ನು ಅವರೇ ಖರ್ಚಿಲ್ಲದೆ ಸರಿಪಡಿಸಬೇಕು. ಸ್ವಾಧೀನಾನುಭವ ಪ್ರಮಾಣಪತ್ರ (ಓಸಿ) ನೋಡದೆ ಮುಂದುವರಿಯಬೇಡಿ.

ಕರ್ನಾಟಕದ ನಗರ ಪ್ರದೇಶದಲ್ಲಿ 45 ಲಕ್ಷ ಮೀರಿದ ಮನೆಗೆ 5% ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ 2% ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು 7.6% ಆಗುತ್ತದೆ.

‘ಹಿರಿಯರ ವಸತಿ ಸಮುಚ್ಚಯ’ ಎಂಬ ಹೆಸರಿನ ಯೋಜನೆಗಳಲ್ಲಿ ನಿಮಗೆ ಸಿಗುವುದು ಕ್ರಯಪತ್ರವೋ, ಠೇವಣಿ ಇಟ್ಟು ವಾಸಿಸುವ ಪರವಾನಗಿಯೋ ಎಂದು ಮೊದಲು ಕೇಳಿ. ಪರವಾನಗಿಯಾದರೆ ಮನೆ ನಿಮ್ಮದಲ್ಲ. ಠೇವಣಿ ಯಾವಾಗ, ಎಷ್ಟು ಕಡಿತವಾಗಿ, ಯಾರಿಗೆ ಹಿಂದಿರುಗುತ್ತದೆ ಎಂಬುದು ಲಿಖಿತವಾಗಿರಬೇಕು.

ಮಕ್ಕಳಿಗೆ ಕೊಡುವುದಾದರೆ

ಹೊಸ ಮನೆಯನ್ನು ಮಕ್ಕಳ ಹೆಸರಿಗೆ ಕೊಂಡರೆ ತೆರಿಗೆ ವಿನಾಯಿತಿಗೂ ತಕರಾರು ಬರಬಹುದು. ಸೂರಿನ ಹಕ್ಕಂತೂ ಕೈತಪ್ಪುತ್ತದೆ. ಆಸ್ತಿಯನ್ನು ದಾನಪತ್ರದಲ್ಲಿ ಕೊಡಲೇಬೇಕೆಂದಿದ್ದರೆ ‘ನಮ್ಮನ್ನು ಜೀವನಪರ್ಯಂತ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಪತ್ರದಲ್ಲೇ ಇರಲಿ. ಆ ಮಾತು ತಪ್ಪಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ ಸೆಕ್ಷನ್ 23ರ ಅಡಿ, 60 ವರ್ಷ ತುಂಬಿದ ಯಾರೇ ಆದರೂ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ದಾನಪತ್ರವನ್ನು ರದ್ದುಪಡಿಸಲು ಕೋರಬಹುದು. ಷರತ್ತು ಇತ್ತೆಂಬುದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿದೆ. ಹಿರಿಯರ ನೆರವಿಗೆ 14567 ಸಹಾಯವಾಣಿ ಇದೆ.

ದಾನಪತ್ರಕ್ಕಿಂತ ವಿಲ್ ಸುರಕ್ಷಿತ. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಲೇಸು. ಬದುಕಿರುವಷ್ಟು ದಿನ ಅದನ್ನು ಬದಲಿಸುವ ಹಕ್ಕು ನಿಮ್ಮದೇ. ಹಳೆಯ ಮನೆಯ ಹಣವನ್ನು ಹಂಚುವ ಮಾತು ಮನೆಯಲ್ಲಿ ಬಂದಾಗ ಮುಲಾಜಿಗೆ ಬೀಳಬೇಡಿ. ಮೊದಲು ಹೊಸ ಮನೆ ನಿಮ್ಮ ಹೆಸರಿಗೆ ನೋಂದಣಿಯಾಗಲಿ, ಹಂಚಿಕೆಯ ಮಾತು ಆಮೇಲೆ.