ಗಬ್ಬ ನಿಲ್ಲದ ಹಸುವೂ ಗರ್ಭಕೋಶದ ಸಿದ್ಧತೆಯೂ

ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನಂಥ ಕಾಡಂಚಿನ ಗ್ರಾಮಗಳಲ್ಲಿ ಹಸುವೇ ಮನೆಯ ಆಸ್ತಿ. ಹೋರಿ ಕೂಡಿದ 21ನೆಯ ದಿನ ಅದು ಪುನಃ ಬೆದೆಗೆ ಬಂದರೆ ಹೋರಿಯನ್ನು ದೂರುವುದುಂಟು. ಮೂರು ಬಾರಿ ಹಾಗಾದರೆ ಗೊಡ್ಡೆಂದು ಮಾರಿಬಿಡುವುದೂ ಉಂಟು. ಇದು ಅವಸರದ ತೀರ್ಪು. ಅನೇಕ ವೇಳೆ ಭ್ರೂಣವು ಕಟ್ಟಿಯೇ ಇದ್ದು, ಮೊದಲ ಮೂರು ವಾರಗಳೊಳಗೆ ನಾಶವಾಗಿರುತ್ತದೆ.

ಭ್ರೂಣವು 4-5ನೆಯ ದಿನ ಗರ್ಭಕೋಶವನ್ನು ಸೇರಿ, ಸುಮಾರು 16ನೆಯ ದಿನ ತನ್ನ ಇರವನ್ನು ತಾಯಿಗೆ ತಿಳಿಸುವ ರಸವನ್ನು ಸ್ರವಿಸುತ್ತದೆ. 19-20ನೆಯ ದಿನದಿಂದ ಗೋಡೆಗೆ ಅಂಟತೊಡಗುತ್ತದೆ. ಅಷ್ಟರೊಳಗೆ ಒಳಪೊರೆಯು ಹದವಾಗಿರಬೇಕು. ಪ್ರೊಜೆಸ್ಟೆರೋನ್ ಎಂಬ ರಸವು ಈ ಹದವನ್ನು ತರುವುದೆಂಬುದು ಹಳೆಯ ಸಂಗತಿ. ಅದರೊಡನೆ ಸೂಕ್ಷ್ಮ ಆರ್‌ಎನ್‌ಎಗಳೂ ಕೆಲಸಮಾಡುವುವೆಂದು ಈಗ ತಿಳಿದುಬಂದಿದೆ. 1993ರಲ್ಲಿ ಹುಳುವೊಂದರಲ್ಲಿ ಮೊದಲು ಕಂಡುಬಂದ, ಸುಮಾರು 22 ಘಟಕಗಳ ಈ ತುಣುಕುಗಳು ತಾವು ಯಾವ ಪ್ರೋಟೀನನ್ನೂ ಕಟ್ಟಿಸವು. ಪ್ರೋಟೀನು ಕಟ್ಟಿಸುವ ಆಜ್ಞೆಗಳಿಗೆ ಅಂಟಿಕೊಂಡು, ಕೆರೆಯ ತೂಬಿನಂತೆ ಅವುಗಳ ಹರಿವನ್ನು ಅಳತೆಗೆ ತರುವುವು. ಇವನ್ನು ರೂಪಿಸುವ ಡೈಸರ್ ಎಂಬ ಕಿಣ್ವವನ್ನು ಹೆಣ್ಣಿಲಿಗಳ ಗರ್ಭಾಂಗಗಳಲ್ಲಿ ಇಲ್ಲವಾಗಿಸಿದಾಗ ಅವು ಬಂಜೆಯಾದುವು.

ಈ ತಿಳಿವಿನಿಂದ ಹುಟ್ಟಿದ ಔಷಧವು ಇನ್ನೂ ಕೊಟ್ಟಿಗೆಗೆ ಬಂದಿಲ್ಲ. ರೈತರು ಬೆದೆಯ ತಾರೀಖನ್ನು ಬರೆದಿಡಬೇಕು. ಕರು ಹಾಕಿದ ಹಸುವಿನ ಗರ್ಭಕೋಶಕ್ಕೆ ಸುಮಾರು 60 ದಿನಗಳ ಬಿಡುವು ಕೊಡಬೇಕು. ಮೂರನೆಯ ಬಾರಿಯೂ ಬೆದೆ ಮರಳಿದರೆ, ಸಂತೆಗೆ ಹೊಡೆಯುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು.